ಸ್ತನ ಕ್ಯಾನ್ಸರ್ ತಪಾಸಣೆ: 40ಕ್ಕೋ 50ಕ್ಕೋ ಎಂಬ ಜಗಳ ಯಾರನ್ನು ಮರೆಯುತ್ತಿದೆ?

2024ರ ಏಪ್ರಿಲ್ ಕೊನೆಯಲ್ಲಿ ಅಮೆರಿಕದ ತಜ್ಞರ ಸಮಿತಿಯೊಂದು ತನ್ನ ಹಳೆಯ ಸಲಹೆಯನ್ನು ಬದಲಿಸಿತು. ಸ್ತನ ಕ್ಯಾನ್ಸರ್ ತಪಾಸಣೆಗೆ ಎಲ್ಲರೂ 50 ವರ್ಷದ ತನಕ ಕಾಯಬೇಕಿಲ್ಲ, 40ರಿಂದಲೇ ಎರಡು ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಮಾಡಿಸಿಕೊಳ್ಳಲಿ ಎಂದಿತು. ಒಂದು ತಿಂಗಳು ಕಳೆಯಿತು. ಕೆನಡಾದ ಇಂಥದ್ದೇ ಸಮಿತಿ ಕರಡು ಸಲಹೆ ಹೊರತಂದಿತು. 40ರಿಂದ 49ರ ಎಲ್ಲ ಮಹಿಳೆಯರನ್ನೂ ತಪಾಸಣೆಗೆ ಕರೆಯುವುದು ಬೇಡ, ಲಾಭ ನಷ್ಟ ಎರಡನ್ನೂ ತಿಳಿದ ಮೇಲೆ ಬೇಕು ಎನ್ನುವವರಿಗೆ ಮಾಡಿದರೆ ಸಾಕು ಎಂದಿತು. ಬ್ರಿಟನ್‌ನಲ್ಲಿ ಕರೆ ಬರುವುದು 50 ದಾಟಿದ ಮೇಲೆ, ಅದೂ ಮೂರು ವರ್ಷಕ್ಕೊಮ್ಮೆ. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಹೇಳಿದ್ದು ಇನ್ನೂ ಬೇರೆ. ಆರೋಗ್ಯ ವ್ಯವಸ್ಥೆ ದುರ್ಬಲವಾಗಿರುವ ಕಡೆ ಎಲ್ಲರಿಗೂ ಮ್ಯಾಮೊಗ್ರಾಮ್ ಮಾಡುವ ಯೋಜನೆಗೆ ಈಗಲೇ ಕೈ ಹಾಕಬೇಡಿ ಎಂದು ಅದು ಸಲಹೆ ಕೊಟ್ಟಿತ್ತು.

ಒಂದೇ ಕಾಯಿಲೆ, ಒಂದೇ ಯಂತ್ರ, ನಾಲ್ಕು ಉತ್ತರ. ಓದುಗರಿಗೆ ಗೊಂದಲ ಆಗುವುದು ಸಹಜ ಅಲ್ವಾ? ಯಾರು ಸರಿ, ಯಾರು ತಪ್ಪು ಎಂದು ಕೇಳುವ ಮೊದಲು ಒಂದು ವಿಷಯ ಗಮನಿಸಬೇಕು. ಈ ಸಮಿತಿಗಳು ಉತ್ತರಿಸುತ್ತಿರುವುದು ಒಂದೇ ಪ್ರಶ್ನೆಗಲ್ಲ. ಈ ಚರ್ಚೆಯ ಬಹುಪಾಲು ಆಗಲೇ ಆಸ್ಪತ್ರೆಯ ಬಾಗಿಲು ಕಂಡ ಮಹಿಳೆಯರ ಸುತ್ತಲೇ ನಡೆಯುತ್ತದೆ. ಬಡತನ, ದೂರ, ಭಾಷೆ, ಬಣ್ಣ, ಅಂಗವೈಕಲ್ಯದ ಕಾರಣಕ್ಕೆ ಆ ಬಾಗಿಲ ತನಕ ಬರಲಾಗದವರ ಪ್ರಶ್ನೆ ಬೇರೆಯೇ ಇದೆ. ಅವರಿಗೆ ಯಾವ ವಯಸ್ಸಿನಲ್ಲಿ ಶುರು ಮಾಡಬೇಕು ಎನ್ನುವುದಕ್ಕಿಂತ, ಶುರು ಮಾಡಿದ್ದು ಎಲ್ಲಿಗೆ ಮುಟ್ಟುತ್ತದೆ ಎನ್ನುವುದು ಮುಖ್ಯ.

ಎರಡು ಬೇರೆ ಕೆಲಸಗಳು

ಸುದ್ದಿಯಲ್ಲಿ ಸದಾ ಕಲಸಿಹೋಗುವ ಎರಡು ಕೆಲಸಗಳನ್ನು ಮೊದಲು ಬಿಡಿಸಿಕೊಳ್ಳೋಣ.

ಒಂದು, ಸ್ಕ್ರೀನಿಂಗ್. ಯಾವ ತೊಂದರೆಯೂ ಇಲ್ಲದ, ಆರೋಗ್ಯವಾಗಿರುವ ಮಹಿಳೆಯರನ್ನು ಕರೆದು ಪರೀಕ್ಷೆ ಮಾಡುವುದು. ಗಂಟು ಕೈಗೆ ಸಿಗುವ ಮೊದಲೇ ಎಕ್ಸ್‌ರೇ ಚಿತ್ರದಲ್ಲಿ ಅದನ್ನು ಹಿಡಿಯುವುದು ಇದರ ಗುರಿ. ಇನ್ನೊಂದು, ಬೇಗ ರೋಗಪತ್ತೆ ಮಾಡುವುದು. ಗಂಟು ಆಗಲೇ ಕೈಗೆ ಸಿಕ್ಕಿದೆ, ಇಲ್ಲವೇ ತೊಟ್ಟು ಒಳಗೆ ಸೇರಿದೆ, ಚರ್ಮ ಗುಳಿಬಿದ್ದಿದೆ, ತೊಟ್ಟಿನಿಂದ ರಕ್ತ ಬರುತ್ತಿದೆ. ಆ ಮಹಿಳೆ ತಿಂಗಳುಗಟ್ಟಲೆ ಅಲೆಯದೆ ಬೇಗ ಬಯಾಪ್ಸಿ (ಗಂಟಿನ ಚೂರು ತೆಗೆದು ಪರೀಕ್ಷಿಸುವುದು) ಮಾಡಿಸಿಕೊಂಡು ಚಿಕಿತ್ಸೆ ಶುರು ಮಾಡುವಂತೆ ನೋಡಿಕೊಳ್ಳುವುದು.

ಮೊದಲನೆಯದು ದುಬಾರಿ. ಸಾವಿರ ಮಂದಿಯನ್ನು ಪರೀಕ್ಷಿಸಿದರೆ ಕ್ಯಾನ್ಸರ್ ಸಿಗುವುದು ಬೆರಳೆಣಿಕೆಯಷ್ಟು ಮಂದಿಯಲ್ಲಿ. ಯಂತ್ರ ಬೇಕು, ಚಿತ್ರ ಓದುವ ರೇಡಿಯಾಲಜಿಸ್ಟ್ ಬೇಕು, ಎರಡು ವರ್ಷಕ್ಕೊಮ್ಮೆ ಮತ್ತೆ ಕರೆಯುವ ವ್ಯವಸ್ಥೆ ಬೇಕು. ಎರಡನೆಯದಕ್ಕೆ ಬೇಕಾಗುವುದು ಗಂಟನ್ನು ಗುರುತಿಸಬಲ್ಲ ನರ್ಸ್, ಮಾದರಿ ಪರೀಕ್ಷಿಸುವ ಲ್ಯಾಬ್ ಮತ್ತು ಚಿಕಿತ್ಸೆ ಕೊಡುವ ಆಸ್ಪತ್ರೆ. ಇದು ಸುಲಭ ಎಂದಲ್ಲ. ಆದರೆ ಇದಿಲ್ಲದೆ ಮೊದಲನೆಯದಕ್ಕೆ ಅರ್ಥವೇ ಇಲ್ಲ. ಸ್ಕ್ರೀನಿಂಗ್‌ನಲ್ಲಿ ಅನುಮಾನ ಬಂದವರು ಕೊನೆಗೆ ಬಂದು ನಿಲ್ಲುವುದು ಅದೇ ಲ್ಯಾಬ್, ಅದೇ ಆಸ್ಪತ್ರೆಯ ಮುಂದೆ.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಬಡ ದೇಶಗಳ ಮಹಿಳೆಯರನ್ನು ಕಡೆಗಣಿಸಿದಂತೆ ಮೇಲ್ನೋಟಕ್ಕೆ ಕಾಣುತ್ತದೆ. ಅದು ಹೇಳುತ್ತಿರುವುದು ಕ್ರಮವನ್ನು. ಮೊದಲು ರೋಗಲಕ್ಷಣ ಇರುವವರನ್ನು ನೋಡಿಕೊಳ್ಳುವ ಶಕ್ತಿ ಬರಲಿ, ಲಕ್ಷಣ ಇಲ್ಲದವರನ್ನು ಆಮೇಲೆ ಕರೆಯಿರಿ ಎನ್ನುತ್ತಿದೆ.

ಕಾಯಿಲೆ ಕಡಿಮೆ, ಸಾವು ಜಾಸ್ತಿ

2022ರಲ್ಲಿ ಜಗತ್ತಿನಲ್ಲಿ ಸುಮಾರು 23 ಲಕ್ಷ ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಇರುವುದು ಗೊತ್ತಾಯಿತು. ಸುಮಾರು 6.7 ಲಕ್ಷ ಮಂದಿ ತೀರಿಕೊಂಡರು. ಈ ಒಟ್ಟು ಲೆಕ್ಕದೊಳಗೆ ಅಡಗಿರುವ ಇನ್ನೊಂದು ಲೆಕ್ಕ ಮನಸ್ಸನ್ನು ಕಲಕುತ್ತದೆ.

ಅಭಿವೃದ್ಧಿಯಲ್ಲಿ ತೀರಾ ಮುಂದಿರುವ ದೇಶಗಳಲ್ಲಿ ಪ್ರತಿ 12 ಮಹಿಳೆಯರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಈ ಕಾಯಿಲೆ ಪತ್ತೆಯಾಗುತ್ತದೆ. 71ರಲ್ಲಿ ಒಬ್ಬರು ಅದರಿಂದ ಸಾಯುತ್ತಾರೆ. ತೀರಾ ಹಿಂದುಳಿದ ದೇಶಗಳಲ್ಲಿ ಕಾಯಿಲೆ ಪತ್ತೆಯಾಗುವುದು 27ರಲ್ಲಿ ಒಬ್ಬರಿಗೆ ಮಾತ್ರ. ಆದರೆ ಸಾಯುವವರು 48ರಲ್ಲಿ ಒಬ್ಬರು. ಅಂದರೆ ಶ್ರೀಮಂತ ದೇಶದಲ್ಲಿ ಕಾಯಿಲೆ ಬಂದವರಲ್ಲಿ ಸುಮಾರು ಆರರಲ್ಲಿ ಒಬ್ಬರನ್ನು ಅದು ಬಲಿ ತೆಗೆದುಕೊಂಡರೆ, ಬಡ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ತೆಗೆದುಕೊಳ್ಳುತ್ತದೆ.

ಕಾರಣಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಶುರುವಿನಲ್ಲಿ ಈ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲದ್ದಕ್ಕೆ ಒಂದು ದಿನದ ಕೂಲಿ ಬಿಟ್ಟು ದೂರದ ಆಸ್ಪತ್ರೆಗೆ ಯಾರು ಹೋಗುತ್ತಾರೆ? ಹೋದರೂ ಮೊದಲು ನೋಡಿದವರು 'ಏನಿಲ್ಲ, ಹೋಗಿ' ಎಂದು ಕಳಿಸಿಬಿಡಬಹುದು. ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ ಎನ್ನುವುದು ನಿಜವೇ ಆದ್ದರಿಂದ ಈ ತಪ್ಪು ಸುಲಭವಾಗಿ ಆಗುತ್ತದೆ. ಬಯಾಪ್ಸಿ ಬರೆದುಕೊಟ್ಟರೂ ಅದನ್ನು ಮಾಡುವ ಊರು ಬೇರೆ, ವರದಿ ಬರುವುದು ವಾರಗಳ ನಂತರ. ಅಷ್ಟು ಹೊತ್ತಿಗೆ ಗಂಟು ಬೆಳೆದಿರುತ್ತದೆ, ಕಂಕುಳಿಗೆ ಹರಡಿರುತ್ತದೆ. ಚಿಕಿತ್ಸೆ ಆಗ ದುಬಾರಿಯಾಗುತ್ತದೆ, ದೀರ್ಘವಾಗುತ್ತದೆ. ಅರ್ಧಕ್ಕೇ ಬಿಟ್ಟುಹೋಗುವವರು ಹೆಚ್ಚುತ್ತಾರೆ. ಅವರು ಸಾಯುವುದನ್ನು ನೋಡಿದ ಸುತ್ತಲಿನವರು 'ಆಸ್ಪತ್ರೆಗೆ ಹೋದರೂ ಉಳಿಯಲಿಲ್ಲ' ಎಂದು ತೀರ್ಮಾನಿಸುತ್ತಾರೆ. ಮುಂದಿನ ಮಹಿಳೆ ಗಂಟನ್ನು ಮುಚ್ಚಿಡುತ್ತಾಳೆ. ಭಯ, ಮೂಢನಂಬಿಕೆ ಎಂದು ನಾವು ಕರೆಯುವುದರಲ್ಲಿ ಎಷ್ಟೋ ಪಾಲು ಹೀಗೆ ಕಣ್ಣಾರೆ ಕಂಡ ಅನುಭವವೇ.

ತಡವಾದರೆ ಏನಾಗುತ್ತದೆ ಎನ್ನುವುದಕ್ಕೆ ಅಂಕಿ ಇದೆ. ಏಳು ಬಗೆಯ ಕ್ಯಾನ್ಸರ್‌ಗಳ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಶಸ್ತ್ರಚಿಕಿತ್ಸೆ ನಾಲ್ಕು ವಾರ ತಡವಾದಾಗಲೆಲ್ಲ ಸಾವಿನ ಅಪಾಯ ಶೇ 6ರಿಂದ 8ರಷ್ಟು ಏರುವುದನ್ನು ತೋರಿಸಿತು. ಸ್ತನ ಕ್ಯಾನ್ಸರ್ ಆ ಪಟ್ಟಿಯಲ್ಲಿತ್ತು.

40ರ ಪರ ಇರುವವರು, 50ರ ಪರ ಇರುವವರು

ಈಗ ವಯಸ್ಸಿನ ಜಗಳಕ್ಕೆ ಬರೋಣ. ಎರಡೂ ಕಡೆಯ ಮಾತಿನಲ್ಲಿ ತೂಕವಿದೆ.

ಅಮೆರಿಕದ ಸಮಿತಿ ವಯಸ್ಸು ಇಳಿಸುವಾಗ ಎರಡು ಕಾರಣ ಕೊಟ್ಟಿತು. 40ರ ಹರೆಯದವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚುತ್ತಿದೆ ಎನ್ನುವುದು ಒಂದು. ಅಲ್ಲಿನ ಕಪ್ಪುವರ್ಣೀಯ ಮಹಿಳೆಯರಿಗೆ ಈ ಕಾಯಿಲೆಯಿಂದ ಸಾಯುವ ಸಾಧ್ಯತೆ ಬಿಳಿಯ ಮಹಿಳೆಯರಿಗಿಂತ ಶೇ 40ರಷ್ಟು ಜಾಸ್ತಿ ಎನ್ನುವುದು ಇನ್ನೊಂದು. ಅವರಿಗೆ ಕಾಯಿಲೆ ಚಿಕ್ಕ ವಯಸ್ಸಿನಲ್ಲೇ ಬರುತ್ತದೆ. ಬೇಗ ಹರಡುವ, ಚಿಕಿತ್ಸೆಗೆ ಸುಲಭವಾಗಿ ಬಗ್ಗದ 'ಟ್ರಿಪಲ್ ನೆಗೆಟಿವ್' ಬಗೆಯೂ ಅವರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು. 40ರಿಂದ ಶುರು ಮಾಡಿದರೆ ತಪ್ಪಿಸಬಹುದಾದ ಸಾವು ಶೇ 19ರಷ್ಟು ಹೆಚ್ಚುತ್ತದೆ ಎಂದು ಸಮಿತಿ ಅಂದಾಜಿಸಿತು.

ಕೇಳುವುದಕ್ಕೆ ಇದು ದೊಡ್ಡದು. ಅದನ್ನೇ ಇನ್ನೊಂದು ರೀತಿ ಹೇಳಿದರೆ, 1000 ಮಹಿಳೆಯರು ಹತ್ತು ವರ್ಷ ಮೊದಲೇ ಶುರು ಮಾಡಿದರೆ ಹೆಚ್ಚುವರಿಯಾಗಿ ಉಳಿಯುವುದು ಒಂದೆರಡು ಜೀವ. ಬ್ರಿಟನ್‌ನಲ್ಲಿ ಸುಮಾರು 1 ಲಕ್ಷ 60 ಸಾವಿರ ಮಹಿಳೆಯರ ಮೇಲೆ ನಡೆದ ದೀರ್ಘ ಪ್ರಯೋಗವೂ ಹೀಗೇ ಹೇಳುತ್ತದೆ. 40ರ ದಶಕದಲ್ಲಿ ಪ್ರತಿ ವರ್ಷ ತಪಾಸಣೆ ಮಾಡಿದಾಗ ಮೊದಲ ಹತ್ತು ವರ್ಷಗಳಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ 25ರಷ್ಟು ಇಳಿಯಿತು. ಒಂದು ಸಾವು ತಪ್ಪಿಸಲು ಸುಮಾರು 1150 ಮಹಿಳೆಯರು ತಪಾಸಣೆಗೆ ಒಳಗಾಗಬೇಕಾಯಿತು. ಲಾಭ ಇದೆ. ಆದರೆ ಅದು ಸಣ್ಣದು.

50ರ ಪರ ಇರುವವರು ನಷ್ಟದ ಕಡೆ ಬೆರಳು ತೋರುತ್ತಾರೆ. ಚಿಕ್ಕ ವಯಸ್ಸಿನವರ ಸ್ತನದ ಅಂಗಾಂಶ ದಟ್ಟವಾಗಿರುತ್ತದೆ. ಮ್ಯಾಮೊಗ್ರಾಮ್‌ನಲ್ಲಿ ಅದೂ ಬಿಳಿ, ಗಂಟೂ ಬಿಳಿ. ಹಾಗಾಗಿ ಇಲ್ಲದ ಕ್ಯಾನ್ಸರ್ ಇದೆ ಎಂದು ಅನುಮಾನಿಸಿ ಮತ್ತೆ ಮತ್ತೆ ಕರೆಸುವುದು ಜಾಸ್ತಿ ಆಗುತ್ತದೆ. ಇನ್ನೊಂದು ನಷ್ಟವೂ ಇದೆ, ಅದು ಕಣ್ಣಿಗೆ ಕಾಣುವುದಿಲ್ಲ. ಕೆಲವು ಕ್ಯಾನ್ಸರ್‌ಗಳು ಎಷ್ಟು ನಿಧಾನ ಎಂದರೆ ಪತ್ತೆಯಾಗದೇ ಇದ್ದಿದ್ದರೂ ಆ ಮಹಿಳೆಗೆ ಬದುಕಿನಲ್ಲಿ ತೊಂದರೆ ಕೊಡುತ್ತಿರಲಿಲ್ಲ. ಸ್ಕ್ರೀನಿಂಗ್ ಅವನ್ನೂ ಹಿಡಿಯುತ್ತದೆ. ಯಾವುದು ನಿಧಾನದ್ದು ಎಂದು ಹೇಳಲಾಗದ ಕಾರಣ ಎಲ್ಲಕ್ಕೂ ಶಸ್ತ್ರಚಿಕಿತ್ಸೆ, ಔಷಧ ನಡೆಯುತ್ತದೆ. ಬ್ರಿಟನ್‌ನ ಸ್ವತಂತ್ರ ಸಮಿತಿಯೊಂದು 2012ರಲ್ಲಿ ಇದರ ಲೆಕ್ಕ ಹಾಕಿತ್ತು. 50ರ ವಯಸ್ಸಿನ 10,000 ಮಹಿಳೆಯರನ್ನು ಇಪ್ಪತ್ತು ವರ್ಷ ತಪಾಸಣೆಗೆ ಕರೆದರೆ 43 ಸಾವು ತಪ್ಪುತ್ತದೆ, 129 ಮಂದಿಗೆ ಬೇಡದ ರೋಗಪತ್ತೆ ಆಗುತ್ತದೆ. ಆ ಸಮಿತಿ ಇದನ್ನೆಲ್ಲ ತೂಗಿಯೂ ತಪಾಸಣೆ ಮುಂದುವರಿಯಲಿ, ಆದರೆ ಈ ಮಾತನ್ನು ಮಹಿಳೆಯರಿಗೆ ಬಿಡಿಸಿ ಹೇಳಿ ಎಂದಿತು.

ಹೀಗಾಗಿ ಅಮೆರಿಕ ಮತ್ತು ಕೆನಡಾದ ಸಮಿತಿಗಳ ನಡುವೆ ವಿಜ್ಞಾನದ ಜಗಳ ಅಷ್ಟಾಗಿ ಇಲ್ಲ. ಸಣ್ಣ ಲಾಭಕ್ಕೆ ಎಷ್ಟು ನಷ್ಟ ಸಹಿಸಬಹುದು ಎನ್ನುವುದರಲ್ಲಿ ಅಭಿಪ್ರಾಯ ಬೇರೆಯಾಗಿದೆ.

ತಪಾಸಣೆ ಸಮ, ಸಾವು ಸಮ ಅಲ್ಲ

ನನ್ನ ಪ್ರಕಾರ ಇಡೀ ಚರ್ಚೆಯಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದ ಜಾಗ ಇದು. ಕಪ್ಪುವರ್ಣೀಯ ಮಹಿಳೆಯರ ಸಾವು ಇಳಿಸುವುದಕ್ಕೆ ವಯಸ್ಸು ಇಳಿಸಿದ್ದೇವೆ ಎನ್ನುವ ವಾದಕ್ಕೆ ಟೀಕಾಕಾರರು ಒಂದು ಕಠಿಣ ಪ್ರಶ್ನೆ ಎಸೆದರು. ಅಮೆರಿಕದಲ್ಲಿ ಕಪ್ಪುವರ್ಣೀಯ ಮಹಿಳೆಯರು ಮ್ಯಾಮೊಗ್ರಾಮ್ ಮಾಡಿಸಿಕೊಳ್ಳುವ ಪ್ರಮಾಣ ಬಿಳಿಯ ಮಹಿಳೆಯರಿಗಿಂತ ಕಡಿಮೆಯೇನಿಲ್ಲ. ಸಮೀಕ್ಷೆಗಳಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಹಾಗಾದರೆ ಸಾವಿನ ಅಂತರ ಎಲ್ಲಿಂದ ಬಂತು?

ಇತಿಹಾಸ ಒಂದು ಸುಳಿವು ಕೊಡುತ್ತದೆ. 1980ರ ಸುಮಾರಿಗೆ ಆ ದೇಶದಲ್ಲಿ ಎರಡೂ ಗುಂಪಿನವರ ಸ್ತನ ಕ್ಯಾನ್ಸರ್ ಸಾವಿನ ಪ್ರಮಾಣ ಹತ್ತಿರ ಹತ್ತಿರ ಇತ್ತು. ಆಮೇಲೆ ಮ್ಯಾಮೊಗ್ರಫಿ ಹರಡಿತು, ಟಮಾಕ್ಸಿಫೆನ್‌ನಂಥ ಔಷಧಗಳ ಬಳಕೆ ಹೆಚ್ಚಿತು, ಕೀಮೊಥೆರಪಿ ಸುಧಾರಿಸಿತು. ಬಿಳಿಯ ಮಹಿಳೆಯರಲ್ಲಿ ಸಾವು ಇಳಿಯತೊಡಗಿತು. ಕಪ್ಪುವರ್ಣೀಯರಲ್ಲಿ ಅದು ತಡವಾಗಿ, ನಿಧಾನವಾಗಿ ಇಳಿಯಿತು. ಕಾಯಿಲೆಯ ಬಗೆ ಇದರ ಒಂದು ಭಾಗವನ್ನು ವಿವರಿಸುತ್ತದೆ, ಪೂರ್ತಿಯನ್ನಲ್ಲ. ಉಳಿದದ್ದನ್ನು ವಿವರಿಸುವುದು ವ್ಯವಸ್ಥೆ: ಹಳೆಯ ಯಂತ್ರ, ಚಿತ್ರ ಓದುವುದರಲ್ಲಿ ಅನುಭವ ಕಡಿಮೆ ಇರುವ ವೈದ್ಯ, ಅನುಮಾನ ಬಂದ ಮೇಲೆ ಬಯಾಪ್ಸಿಗೆ ಕಾಯಬೇಕಾದ ಹೆಚ್ಚು ದಿನ, ವಿಮೆ ಇಲ್ಲದೆ ನಿಂತುಹೋದ ಚಿಕಿತ್ಸೆ. ಹೊಸ ಚಿಕಿತ್ಸೆ ಬಂದಾಗ ಅದು ಮೊದಲು ತಲುಪುವುದು ಸುಲಭವಾಗಿ ತಲುಪಬಲ್ಲವರನ್ನೇ. ಹಾಗಾಗಿ ಪ್ರಗತಿಯೇ ಅಂತರವನ್ನು ಹಿಗ್ಗಿಸಿಬಿಡುತ್ತದೆ.

ನ್ಯೂಯಾರ್ಕ್‌ನ ಹಾರ್ಲೆಮ್ ಆಸ್ಪತ್ರೆಯ ಕಥೆ ಇಲ್ಲಿ ಮುಖ್ಯ. 1964ರಿಂದ 1986ರ ನಡುವೆ ಅಲ್ಲಿ ಚಿಕಿತ್ಸೆ ಪಡೆದ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಐದು ವರ್ಷ ಬದುಕಿದವರು ಶೇ 39 ಮಾತ್ರ. ಬಹುಪಾಲು ಬಡ, ಕಪ್ಪುವರ್ಣೀಯ ಮಹಿಳೆಯರು. ಸುಮಾರು ಅರ್ಧದಷ್ಟು ಮಂದಿ ಕಾಯಿಲೆ ಬಹಳ ಮುಂದುವರಿದ ಮೂರು ಅಥವಾ ನಾಲ್ಕನೇ ಹಂತದಲ್ಲಿ ಬಂದವರು. ಅಲ್ಲಿನ ಶಸ್ತ್ರಚಿಕಿತ್ಸಕ ಹೆರಾಲ್ಡ್ ಫ್ರೀಮನ್ ಉಚಿತ ಮತ್ತು ಅಗ್ಗದ ತಪಾಸಣೆ ಶುರು ಮಾಡಿದರು. ಅದಷ್ಟೇ ಆಗಿದ್ದರೆ ಅದು ಇನ್ನೊಂದು ಶಿಬಿರ ಆಗುತ್ತಿತ್ತು. 1990ರಲ್ಲಿ ಅವರು ಇನ್ನೊಂದು ಕೆಲಸ ಮಾಡಿದರು. ಅನುಮಾನ ಬಂದ ಪ್ರತಿ ಮಹಿಳೆಯ ಜೊತೆಗೂ ಒಬ್ಬರನ್ನು ನಿಲ್ಲಿಸಿದರು. ಮುಂದಿನ ದಿನಾಂಕ ಪಡೆಯುವುದು, ಕಾಗದಪತ್ರ ತುಂಬುವುದು, ಬಾರದಿದ್ದರೆ ಫೋನ್ ಮಾಡಿ ಏಕೆ ಎಂದು ಕೇಳುವುದು, ಭಯ ಪಟ್ಟರೆ ಮಾತಾಡುವುದು ಅವರ ಕೆಲಸ. ಇವರಿಗೆ 'ನ್ಯಾವಿಗೇಟರ್' ಎಂಬ ಹೆಸರು ಬಂತು. 1995ರಿಂದ 2000ದ ನಡುವೆ ಬಂದ ರೋಗಿಗಳಲ್ಲಿ ಐದು ವರ್ಷ ಬದುಕಿದವರು ಶೇ 70ಕ್ಕೆ ಏರಿದರು.

ಈ ಏರಿಕೆಯನ್ನು ಪೂರ್ತಿ ನ್ಯಾವಿಗೇಟರ್‌ಗಳ ಲೆಕ್ಕಕ್ಕೆ ಬರೆಯಬಾರದು. ನಡುವಿನ ವರ್ಷಗಳಲ್ಲಿ ಔಷಧವೂ ಸುಧಾರಿಸಿತ್ತು. ಬೇಗ ಪತ್ತೆಯಾದರೆ, ಸಾಯುವ ದಿನ ಬದಲಾಗದಿದ್ದರೂ, ಪತ್ತೆಯಾದ ನಂತರದ ವರ್ಷಗಳು ಲೆಕ್ಕದಲ್ಲಿ ಹೆಚ್ಚಾಗಿ ಕಾಣುತ್ತವೆ. ಇಷ್ಟನ್ನು ಕಳೆದ ಮೇಲೂ ಉಳಿಯುವ ಬದಲಾವಣೆ ಸಣ್ಣದಲ್ಲ. ಶುರುವಿನ ಹಂತದಲ್ಲೇ ಬಂದವರ ಪಾಲು ಶೇ 6ರಿಂದ 41ಕ್ಕೆ ಏರಿತ್ತು.

ಪರೀಕ್ಷೆ ಉಚಿತ, ಚಿಕಿತ್ಸೆಗೆ ದುಡ್ಡು ಯಾರದು?

ಅಮೆರಿಕದ ಸರ್ಕಾರವೂ ಇದೇ ಪಾಠವನ್ನು ನಿಧಾನವಾಗಿ ಕಲಿಯಿತು. ವಿಮೆ ಇಲ್ಲದ ಬಡ ಮಹಿಳೆಯರಿಗೆ ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಒದಗಿಸುವ ಕಾನೂನು ಬಂದಿದ್ದು 1990ರಲ್ಲಿ. ಆ ಯೋಜನೆ ಪರೀಕ್ಷೆಗೆ ದುಡ್ಡು ಕೊಟ್ಟಿತು. ಕ್ಯಾನ್ಸರ್ ಪತ್ತೆಯಾದರೆ ಚಿಕಿತ್ಸೆಗೆ ಅದರಲ್ಲಿ ದುಡ್ಡಿರಲಿಲ್ಲ. ನಿಮಗೆ ಕ್ಯಾನ್ಸರ್ ಇದೆ ಎಂದು ಸರ್ಕಾರದ ಖರ್ಚಿನಲ್ಲಿ ತಿಳಿದುಕೊಂಡ ಮಹಿಳೆ ಚಿಕಿತ್ಸೆಗೆ ಯಾರ್‍ಯಾರನ್ನೋ ಕಾಡಿಬೇಡಬೇಕಿತ್ತು. ಈ ಬಿರುಕನ್ನು ಮುಚ್ಚುವ ಕಾನೂನು ಬಂದಿದ್ದು 2000ದಲ್ಲಿ. ಪೂರ್ತಿ ಹತ್ತು ವರ್ಷ!

ಇಂಥದ್ದೇ ಇನ್ನೊಂದು ಬಿರುಕು ಆಮೇಲೂ ಉಳಿಯಿತು. 2010ರ ಆರೋಗ್ಯ ಕಾನೂನಿನ ನಂತರ ಹೆಚ್ಚಿನ ವಿಮೆಗಳಲ್ಲಿ ಸ್ಕ್ರೀನಿಂಗ್ ಮ್ಯಾಮೊಗ್ರಾಮ್ ಉಚಿತವಾಯಿತು. ಆದರೆ ಅದರಲ್ಲಿ ಏನೋ ಕಂಡು ಮತ್ತೆ ಕರೆದರೆ ಮುಂದಿನ ಅಲ್ಟ್ರಾಸೌಂಡ್, ಬಯಾಪ್ಸಿಗೆ ಬಿಲ್ ಬರಬಹುದಿತ್ತು. ಮೊದಲ ಹೆಜ್ಜೆ ಉಚಿತ, ಎರಡನೇ ಹೆಜ್ಜೆಗೆ ಹಣ. ದುಡ್ಡಿಲ್ಲದವರು ಎಲ್ಲಿ ನಿಲ್ಲುತ್ತಾರೆ ಎಂದು ಬೇರೆ ಹೇಳಬೇಕಿಲ್ಲ. 2026ರಿಂದ ಶುರುವಾಗುವ ವಿಮಾ ವರ್ಷಗಳಲ್ಲಿ ಆ ಮುಂದಿನ ಪರೀಕ್ಷೆಗಳನ್ನೂ ನ್ಯಾವಿಗೇಟರ್ ಸೇವೆಯನ್ನೂ ಉಚಿತ ಪಟ್ಟಿಗೆ ಸೇರಿಸುವ ಮಾರ್ಗಸೂಚಿ ಬಂದಿದೆ. ವಯಸ್ಸನ್ನು ಇಳಿಸಿದ ಸುದ್ದಿ ಎಲ್ಲೆಡೆ ಹರಿದಾಡಿತು. ಈ ಸುದ್ದಿ ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಬಡ ಮಹಿಳೆಯರ ಮಟ್ಟಿಗೆ ಇದೇ ಹೆಚ್ಚು ಮುಖ್ಯದ್ದು.

ಯಂತ್ರವೇ ಇಲ್ಲದ ಕಡೆ

ಮ್ಯಾಮೊಗ್ರಾಮ್ ಯಂತ್ರ, ಅದನ್ನು ಓದುವ ವೈದ್ಯರು ಇಲ್ಲದ ಕಡೆ ಕೈ ಕಟ್ಟಿ ಕೂರಬೇಕೇ? ಈ ಪ್ರಶ್ನೆಗೆ ದೊಡ್ಡ ಉತ್ತರ ಸಿಕ್ಕಿದ್ದು ಮುಂಬೈಯಲ್ಲಿ. ಟಾಟಾ ಮೆಮೋರಿಯಲ್ ಆಸ್ಪತ್ರೆಯ ತಂಡ 1998ರಲ್ಲಿ ಶುರು ಮಾಡಿದ ಪ್ರಯೋಗದಲ್ಲಿ 35ರಿಂದ 64ರ ವಯಸ್ಸಿನ ಸುಮಾರು ಒಂದೂವರೆ ಲಕ್ಷ ಮಹಿಳೆಯರಿದ್ದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಒಂದು ಗುಂಪಿನ ಮಹಿಳೆಯರನ್ನು ಎರಡು ವರ್ಷಕ್ಕೊಮ್ಮೆ, ಒಟ್ಟು ನಾಲ್ಕು ಸಲ, ಕೈಯಿಂದ ಮುಟ್ಟಿ ಪರೀಕ್ಷಿಸಿದರು. ಯಂತ್ರ ಇರಲಿಲ್ಲ. ಪರೀಕ್ಷಿಸಿದವರು ವೈದ್ಯರೂ ಅಲ್ಲ.

2021ರಲ್ಲಿ ಪ್ರಕಟವಾದ ಫಲಿತಾಂಶವನ್ನು ಜಾಗ್ರತೆಯಿಂದ ಓದಬೇಕು. ಮೂರು, ನಾಲ್ಕನೇ ಹಂತದಲ್ಲಿ ಪತ್ತೆಯಾದವರು ಪರೀಕ್ಷೆ ನಡೆದ ಗುಂಪಿನಲ್ಲಿ ಶೇ 37, ನಡೆಯದ ಗುಂಪಿನಲ್ಲಿ ಶೇ 47. ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ ಸಾವು ಶೇ 15ರಷ್ಟು ಇಳಿಯಿತು, ಆದರೆ ಅದು ಆಕಸ್ಮಿಕವೂ ಇರಬಹುದಾದಷ್ಟು ಸಣ್ಣ ವ್ಯತ್ಯಾಸ. 50 ದಾಟಿದವರಲ್ಲಿ ಮಾತ್ರ ಇಳಿಕೆ ಸ್ಪಷ್ಟವಾಗಿತ್ತು, ಸುಮಾರು ಶೇ 30. ಅದಕ್ಕಿಂತ ಚಿಕ್ಕವರಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ. ಹಾಗಾಗಿ 'ಕೈ ಪರೀಕ್ಷೆ ಎಲ್ಲರಿಗೂ ಸಾಕು' ಎನ್ನುವುದೂ ತಪ್ಪು, 'ಮ್ಯಾಮೊಗ್ರಾಮ್ ಇಲ್ಲದಿದ್ದರೆ ಏನೂ ಆಗದು' ಎನ್ನುವುದೂ ತಪ್ಪು.

ಸ್ವಪರೀಕ್ಷೆಯ ಬಗ್ಗೆಯೂ ಇಂಥದ್ದೇ ಗೊಂದಲ ಇದೆ. ಶಾಂಘೈನಲ್ಲಿ 2 ಲಕ್ಷ 66 ಸಾವಿರ ಗಿರಣಿ ಕಾರ್ಮಿಕ ಮಹಿಳೆಯರ ಮೇಲೆ ನಡೆದ ಪ್ರಯೋಗ 2002ರಲ್ಲಿ ತನ್ನ ಫಲಿತಾಂಶ ಹೇಳಿತು. ತಿಂಗಳಿಗೊಮ್ಮೆ ಕ್ರಮವಾಗಿ ಸ್ತನವನ್ನು ತಾವೇ ಪರೀಕ್ಷಿಸಿಕೊಳ್ಳಲು ಕಲಿತವರಲ್ಲಿ ಸಾವು ಕಡಿಮೆಯಾಗಲಿಲ್ಲ. ಅಪಾಯವಿಲ್ಲದ ಗಂಟುಗಳಿಗೆ ಬಯಾಪ್ಸಿ ಮಾತ್ರ ಹೆಚ್ಚಿತು. ಇದರಿಂದ 'ಗಂಟಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ' ಎಂದು ಅರ್ಥ ಮಾಡಿಕೊಂಡರೆ ಅನಾಹುತ. ತನ್ನ ದೇಹ ಮಾಮೂಲಿಯಾಗಿ ಹೇಗಿದೆ ಎಂದು ತಿಳಿದಿರುವುದು, ಬದಲಾವಣೆ ಕಂಡ ಕೂಡಲೇ ತೋರಿಸುವುದು ಬೇರೆ ಮಾತು. ಆ ಪ್ರಯೋಗ ಅದನ್ನು ಅಲ್ಲಗಳೆದಿಲ್ಲ.

ಆಫ್ರಿಕಾದ ಅನುಭವ ಇದಕ್ಕೆ ಪುಷ್ಟಿ ಕೊಡುತ್ತದೆ. ನಮೀಬಿಯಾ, ನೈಜೀರಿಯಾ, ಉಗಾಂಡ, ಜಾಂಬಿಯಾದಂಥ ದೇಶಗಳ ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದು 2020ರಲ್ಲಿ ಒಂದು ಅಂದಾಜು ಕೊಟ್ಟಿತು. ರೋಗಲಕ್ಷಣ ಕಂಡವರು ಬೇಗ ಬರುವಂತೆ ಮಾಡಿ, ಬಂದವರಿಗೆ ಸರಿಯಾದ ಚಿಕಿತ್ಸೆ ಕೊಟ್ಟರೆ ಸ್ತನ ಕ್ಯಾನ್ಸರ್ ಸಾವುಗಳಲ್ಲಿ ಮೂರನೇ ಒಂದರಷ್ಟನ್ನು ತಪ್ಪಿಸಬಹುದು. ರುವಾಂಡದ ಗ್ರಾಮೀಣ ಜಿಲ್ಲೆಯೊಂದರಲ್ಲಿ ಆರೋಗ್ಯ ಕೇಂದ್ರದ ನರ್ಸ್‌ಗಳಿಗೆ ಗಂಟು ಗುರುತಿಸುವ ತರಬೇತಿ ಕೊಟ್ಟಾಗ ಶುರುವಿನ ಹಂತದಲ್ಲಿ ಸಿಗುವವರ ಸಂಖ್ಯೆ ಹೆಚ್ಚಿತು. ಅಲ್ಲಿ ಆಗಲೇ ಬುಟಾರೊ ಎಂಬ ಊರಿನಲ್ಲಿ ಕ್ಯಾನ್ಸರ್ ಆಸ್ಪತ್ರೆ ಇತ್ತು ಎನ್ನುವುದನ್ನು ಮರೆಯಬಾರದು. ನರ್ಸ್ ಕಳಿಸುವುದಕ್ಕೆ ಒಂದು ಜಾಗ ಇತ್ತು.

ಹತ್ತಿರದಲ್ಲೇ ಇದ್ದರೂ ಬರುವುದಿಲ್ಲವೇಕೆ?

ಯಂತ್ರ ಇದೆ, ಉಚಿತವೂ ಹೌದು, ಆದರೂ ಮಹಿಳೆಯರು ಬರುತ್ತಿಲ್ಲ ಎಂದು ಅಧಿಕಾರಿಗಳು ದೂರುವುದುಂಟು. ಅರಿವಿಲ್ಲ ಎಂದು ಸುಮ್ನೆ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಕೇಂದ್ರ ತೆರೆದಿರುವುದು ಅವಳು ಕೆಲಸದಲ್ಲಿರುವ ಹೊತ್ತಿನಲ್ಲಿ. ಮಗುವನ್ನು ಬಿಟ್ಟುಬರಲು ಜಾಗವಿಲ್ಲ. ಕರೆಯ ಪತ್ರ ಅವಳಿಗೆ ಬಾರದ ಭಾಷೆಯಲ್ಲಿದೆ, ಇಲ್ಲವೇ ಹಳೆಯ ವಿಳಾಸಕ್ಕೆ ಹೋಗಿದೆ. ಪರೀಕ್ಷಿಸುವವರು ಗಂಡಸರಿರಬಹುದೇ ಎಂಬ ಅಳುಕು ಬೇರೆ. ವಲಸೆ ಬಂದವರಾದರೆ ಹೆಸರು ಬರೆಸಿದರೆ ಏನಾಗುತ್ತದೋ ಎಂಬ ಭಯ. ಗಾಲಿಕುರ್ಚಿಯಲ್ಲಿರುವವರಿಗೆ ನಿಂತೇ ಚಿತ್ರ ತೆಗೆಸಿಕೊಳ್ಳಬೇಕಾದ ಯಂತ್ರವೇ ಅಡ್ಡಿ.

ಇವೆಲ್ಲಕ್ಕೂ ಭಾಷಣದಿಂದ ಪರಿಹಾರವಿಲ್ಲ, ಏರ್ಪಾಡಿನಿಂದ ಇದೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಮೂಲನಿವಾಸಿ ಮಹಿಳೆಯರು ತಪಾಸಣೆಗೆ ಬರುವುದು ಕಡಿಮೆ ಇತ್ತು. ಅರೆಬೆತ್ತಲೆಯಾಗಿ ನಿಲ್ಲಬೇಕಾದ ಮುಜುಗರ, ಸರ್ಕಾರಿ ಕಟ್ಟಡಗಳ ಬಗ್ಗೆ ಹಳೆಯ ಅಪನಂಬಿಕೆ ಎರಡೂ ಕಾರಣ. ಅಲ್ಲಿನ ಮೂಲನಿವಾಸಿಗಳ ಆರೋಗ್ಯ ಸಂಘಟನೆಯೂ ತಪಾಸಣಾ ಸಂಸ್ಥೆಯೂ ಸೇರಿ ಅವರದೇ ಚಿತ್ತಾರವಿರುವ ಶಾಲುಗಳನ್ನು ಮಾಡಿಸಿದವು. ಪರೀಕ್ಷೆಯ ಹೊತ್ತಿನಲ್ಲಿ ಮಹಿಳೆಯರು ಅದನ್ನೇ ಹೊದ್ದುಕೊಳ್ಳುತ್ತಾರೆ. ಅವರ ಸಮುದಾಯದವರನ್ನೇ ಕೇಳಿ ಮಾಡಿದ್ದರಿಂದ ಇದು ಸಾಧ್ಯವಾಯಿತು.

ಮ್ಯಾಮೊಗ್ರಾಮ್ ಹೊತ್ತ ವ್ಯಾನ್‌ಗಳು ದೂರದ ಸಮಸ್ಯೆಯನ್ನು ಸ್ವಲ್ಪ ನೀಗಿಸುತ್ತವೆ. ಅವು ಬಂದು ಹೋಗುತ್ತವೆ ಎನ್ನುವುದೇ ಅವುಗಳ ತೊಂದರೆ. ಅನುಮಾನ ಇದೆ ಎಂಬ ವರದಿ ಬರುವಷ್ಟರಲ್ಲಿ ವ್ಯಾನ್ ಬೇರೆ ಊರಲ್ಲಿರುತ್ತದೆ. ಅಕ್ಟೋಬರ್ ತಿಂಗಳ ಗುಲಾಬಿ ರಿಬ್ಬನ್ ಶಿಬಿರಗಳದ್ದೂ ಹೆಚ್ಚಾಗಿ ಇದೇ ಪಾಡು. ಹೊಳೆಗೆ ಅರ್ಧ ಸೇತುವೆ ಕಟ್ಟಿ ಜನರನ್ನು ನಡೆಯಲು ಕರೆದ ಹಾಗೆ ಆಗುತ್ತದೆ.

ಎಐ ಏನು ಮಾಡಬಲ್ಲದು?

ಚಿತ್ರ ಓದುವವರ ಕೊರತೆಗೆ ಕೃತಕ ಬುದ್ಧಿಮತ್ತೆ ಉತ್ತರ ಎನ್ನುವ ಸುದ್ದಿಗಳು ಬರುತ್ತಿವೆ. ಆಧಾರವಿಲ್ಲದ ಮಾತಲ್ಲ. ಸ್ವೀಡನ್‌ನಲ್ಲಿ 80 ಸಾವಿರ ಮಹಿಳೆಯರ ಮೇಲೆ ನಡೆದ ಪ್ರಯೋಗದ ಮಧ್ಯಂತರ ಫಲಿತಾಂಶ 2023ರಲ್ಲಿ ಬಂತು. ಎಐ ನೆರವಿನಿಂದ ವೈದ್ಯರು ಚಿತ್ರ ಓದುವ ಕೆಲಸ ಶೇ 44ರಷ್ಟು ಇಳಿಯಿತು. ಕ್ಯಾನ್ಸರ್ ಸಿಗುವುದು ಕಡಿಮೆಯಾಗಲಿಲ್ಲ, ಸಾವಿರಕ್ಕೆ 5.1 ಇದ್ದದ್ದು 6.1 ಆಯಿತು.

ಆದರೆ ಸ್ವೀಡನ್‌ನಲ್ಲಿ ಯಂತ್ರ, ಕರೆಯುವ ವ್ಯವಸ್ಥೆ, ಚಿಕಿತ್ಸೆ ಎಲ್ಲವೂ ಮೊದಲೇ ಇತ್ತು. ಅಲ್ಲಿ ಇಕ್ಕಟ್ಟು ಇದ್ದದ್ದು ಓದುವ ಹಂತದಲ್ಲಿ, ಎಐ ಅದನ್ನು ಸಡಿಲಿಸಿತು. ಬಯಾಪ್ಸಿ ಲ್ಯಾಬ್ ಇಲ್ಲದ ಕಡೆ ಅದೇ ಎಐ ಮಾಡುವುದು ಇನ್ನಷ್ಟು ಬೇಗ ಅನುಮಾನ ಹುಟ್ಟಿಸುವ ಕೆಲಸವನ್ನು ಮಾತ್ರ. ಇನ್ನು, ಮುಟ್ಟದೆ, ಎಕ್ಸ್‌ರೇ ಇಲ್ಲದೆ ಶಾಖ ನೋಡಿ ಕ್ಯಾನ್ಸರ್ ಹಿಡಿಯುತ್ತೇವೆ ಎನ್ನುವ ಥರ್ಮೋಗ್ರಫಿ ಸಾಧನಗಳು ಬಡವರ ಶಿಬಿರಗಳ ಹೆಸರಿನಲ್ಲಿ ಮಾರಾಟವಾಗುವುದುಂಟು. ಅದು ಮ್ಯಾಮೊಗ್ರಾಮ್‌ಗೆ ಬದಲಿ ಅಲ್ಲ ಎಂದು ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸ್ಪಷ್ಟವಾಗಿ ಎಚ್ಚರಿಸಿದೆ. ಅಗ್ಗದ್ದು ಎಂಬ ಕಾರಣಕ್ಕೆ ಸಾಬೀತಾಗದ ಪರೀಕ್ಷೆಯನ್ನು ಬಡ ಮಹಿಳೆಯರಿಗೆ ಕೊಡುವುದು ಸಹಾಯ ಅಲ್ಲ.

ಮುಂದೇನಾಗಬಹುದು?

ವಯಸ್ಸನ್ನು ಇಳಿಸಿದ ಕಡೆಗಳಲ್ಲಿ ಮೊದಲು ಬರುವವರು ಸುದ್ದಿ ಓದಿದವರು, ರಜೆ ಸಿಗುವವರು, ವಿಮೆ ಇರುವವರು. ಅದು ತಪ್ಪಲ್ಲ. ಆದರೆ ಯಂತ್ರ, ರೇಡಿಯಾಲಜಿಸ್ಟ್‌ಗಳ ಸಂಖ್ಯೆ ಅಷ್ಟೇ ಇದ್ದರೆ ಸಾಲು ಉದ್ದವಾಗುತ್ತದೆ. ಗಂಟು ಕಂಡು ಗಾಬರಿಯಿಂದ ಬಂದ ಮಹಿಳೆ ಮಾಮೂಲಿ ತಪಾಸಣೆಗೆ ಬಂದವರ ಹಿಂದೆ ನಿಲ್ಲಬೇಕಾಗಬಹುದು. ಹೀಗಾದರೆ ಸರಾಸರಿ ಅಂಕಿ ಸುಧಾರಿಸಿದರೂ ಅಂತರ ಹಿಗ್ಗುತ್ತದೆ, 1980ರ ನಂತರ ಆದ ಹಾಗೆಯೇ. ಕೆನಡಾದ ಒಂಟಾರಿಯೊ ಪ್ರಾಂತ್ಯ ರಾಷ್ಟ್ರೀಯ ಸಮಿತಿಯ ಕರಡನ್ನು ಬದಿಗಿಟ್ಟು 2024ರ ಅಕ್ಟೋಬರ್‌ನಿಂದ 40 ದಾಟಿದವರು ತಾವೇ ಹೆಸರು ಬರೆಸಲು ಅವಕಾಶ ಕೊಟ್ಟಿದೆ. 'ತಾವೇ' ಎನ್ನುವ ಏರ್ಪಾಡಿನಲ್ಲಿ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎನ್ನುವುದನ್ನು ಮುಂದಿನ ವರ್ಷಗಳಲ್ಲಿ ಗಮನಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶುರು ಮಾಡಿದ ಸ್ತನ ಕ್ಯಾನ್ಸರ್ ಉಪಕ್ರಮ ಸಾವನ್ನು ವರ್ಷಕ್ಕೆ ಶೇ 2.5ರಷ್ಟು ಇಳಿಸಿ, 2040ರೊಳಗೆ 25 ಲಕ್ಷ ಜೀವ ಉಳಿಸುವ ಗುರಿ ಇಟ್ಟುಕೊಂಡಿದೆ. ಅದು ದೇಶಗಳಿಗೆ ಕೊಟ್ಟಿರುವ ಮೂರು ಅಳತೆಗೋಲುಗಳಲ್ಲಿ 'ಎಷ್ಟು ಮ್ಯಾಮೊಗ್ರಾಮ್' ಎಂಬ ಪ್ರಶ್ನೆಯೇ ಇಲ್ಲ. ಪತ್ತೆಯಾಗುವ ಕ್ಯಾನ್ಸರ್‌ಗಳಲ್ಲಿ ಕನಿಷ್ಠ ಶೇ 60 ಮೊದಲೆರಡು ಹಂತದಲ್ಲಿ ಇರಬೇಕು. ತೊಂದರೆ ಹೇಳಿಕೊಂಡು ಬಂದ ಮಹಿಳೆಗೆ 60 ದಿನದೊಳಗೆ ರೋಗ ಖಚಿತವಾಗಬೇಕು. ರೋಗಿಗಳಲ್ಲಿ ಶೇ 80 ಮಂದಿ ಶಿಫಾರಸು ಮಾಡಿದ ಚಿಕಿತ್ಸೆಯನ್ನು ಪೂರ್ತಿ ಮುಗಿಸಬೇಕು.

ತಪಾಸಣಾ ಯೋಜನೆಗಳ ವರದಿಗಳಲ್ಲಿ ಸಾಮಾನ್ಯವಾಗಿ ದಪ್ಪ ಅಕ್ಷರದಲ್ಲಿ ಇರುವುದು ಎಷ್ಟು ಸಾವಿರ ಮಂದಿಯನ್ನು ಪರೀಕ್ಷಿಸಲಾಯಿತು ಎಂಬ ಸಂಖ್ಯೆ. ಅನುಮಾನ ಬಂದವರಲ್ಲಿ ಎಷ್ಟು ಮಂದಿಗೆ ಬಯಾಪ್ಸಿ ಆಯಿತು, ಎಷ್ಟು ದಿನದಲ್ಲಿ ಆಯಿತು, ಚಿಕಿತ್ಸೆ ಮುಗಿಸಿದವರು ಎಷ್ಟು ಎನ್ನುವುದನ್ನು ಆದಾಯ, ಊರು, ಸಮುದಾಯದ ಪ್ರಕಾರ ಬಿಡಿಸಿ ಕೊಡುವ ವರದಿ ಅಪರೂಪ. ಹೊಸ ಯಂತ್ರಕ್ಕೆ, ಹೊಸ ಶಿಬಿರಕ್ಕೆ ದುಡ್ಡು ಕೊಡುವ ಸರ್ಕಾರಗಳೂ ದಾನಿಗಳೂ ಈ ಲೆಕ್ಕವನ್ನು ಷರತ್ತಾಗಿ ಕೇಳಬಹುದು. ಅದಕ್ಕೆ ಹೊಸ ತಂತ್ರಜ್ಞಾನವೇನೂ ಬೇಡ. ಒಂದು ದಾಖಲೆ ಪುಸ್ತಕ, ಬಾರದವರಿಗೆ ಫೋನ್ ಮಾಡಲು ಸಂಬಳ ಕೊಟ್ಟು ಇಟ್ಟುಕೊಂಡ ಒಬ್ಬ ಕಾರ್ಯಕರ್ತೆ ಇದ್ದರೆ ಕೆಲಸ ಶುರು ಮಾಡಬಹುದು.